ಫ್ರೀಮೇಸನ್ ಲಾಡ್ಜಿಗೆ ಸೇರಿದರೆ ಸಿಗುವುದೇನು?

ಫ್ರೀಮೇಸನ್ ಲಾಡ್ಜಿಗೆ, ಅಂದರೆ ಫ್ರೀಮೇಸನ್ನರು ಎಂಬ ಹಳೆಯ ಸಹೋದರ ಸಂಘದ ಸ್ಥಳೀಯ ಘಟಕಕ್ಕೆ, ಸೇರಬಯಸುವವನು ಒಳಗೆ ಕಾಲಿಡುವ ಮೊದಲೇ ಒಂದು ಮಾತು ಕೊಡಬೇಕು. ಸ್ನೇಹಿತರ ಒತ್ತಾಯಕ್ಕೆ ಮಣಿದು ಬಂದಿಲ್ಲ, ಹಣದ ಆಸೆಗಾಗಲಿ ಬೇರೆ ಯಾವ ಲಾಭಕ್ಕಾಗಲಿ ಬಂದಿಲ್ಲ, ಸ್ವಂತ ಇಚ್ಛೆಯಿಂದ ಬಂದಿದ್ದೇನೆ ಎಂಬ ಮಾತು. ಇದನ್ನು ಮೊದಲು ಬರೆದು ಸಹಿ ಹಾಕಬೇಕು. ದೀಕ್ಷೆಯ ದಿನ ನೆರೆದವರೆದುರು ಬಾಯಿಬಿಟ್ಟು ಮತ್ತೊಮ್ಮೆ ಹೇಳಬೇಕು. ಹಾಗಿದ್ದರೂ ಹೊರಗಿನವರು ಮೊದಲು ಕೇಳುವುದು "ಅಲ್ಲಿ ಸೇರಿದರೆ ಏನು ಸಿಗುತ್ತದೆ?" ಎಂದೇ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಸಂಜೆಗಳನ್ನು, ವಾರ್ಷಿಕ ಚಂದಾವನ್ನು, ಅದರ ಮೇಲೆ ದೇಣಿಗೆಯನ್ನು, ಸಾಲದ್ದಕ್ಕೆ ಪುಟಗಟ್ಟಲೆ ಕಂಠಪಾಠದ ಶ್ರಮವನ್ನು ಕೊಡಬೇಕಾದವನು ಪ್ರತಿಯಾಗಿ ಏನು ಬರುತ್ತದೆ ಎಂದು ಲೆಕ್ಕ ಹಾಕದೆ ಇರುತ್ತಾನೆಯೇ?

ನಮ್ಮಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರಗಳು ಎರಡಿವೆ. ಜಗತ್ತನ್ನೇ ತೆರೆಮರೆಯಲ್ಲಿ ಆಳುವ ಕೂಟದ ಒಳಗುಟ್ಟು ಸಿಗುತ್ತದೆ ಎಂಬುದು ಒಂದು. ದೊಡ್ಡ ಮನುಷ್ಯರ ಪರಿಚಯವಾಗಿ ಕೆಲಸ ಕಾರ್ಯ ಸಲೀಸಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಸುಳ್ಳು. ಎರಡನೆಯದು ಜನ ಅಂದುಕೊಂಡಷ್ಟು ನಿಜವಲ್ಲ. ಲಾಡ್ಜು ಕೊಡುವುದು ಇವೆರಡಕ್ಕಿಂತ ಸಪ್ಪೆಯಾದ ಆದರೆ ಇಂದಿನ ಊರುಗಳಲ್ಲಿ ಅಪರೂಪವಾಗುತ್ತಿರುವ ಒಂದು ವಸ್ತು: ನಿಗದಿತ ದಿನಕ್ಕೆ ತಪ್ಪದೆ ಸೇರುವ ಒಂದಷ್ಟು ಜನ, ಆ ಜನರ ನಡುವೆ ನಿಮಗೆಂದೇ ಮೀಸಲಾದ ಒಂದು ಕೆಲಸ. ಈ ಸಂಸ್ಥೆಯ ಇತಿಹಾಸ, ಆಚರಣೆ, ಗುಟ್ಟು ಎಲ್ಲವೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತವೆ.

ಕಲ್ಲುಕುಟಿಗರ ಹತಾರ, ಸಂಭಾವಿತರ ಸಭೆ

ಮಧ್ಯಯುಗದ ಬ್ರಿಟನ್ನಿನಲ್ಲಿ ಚರ್ಚು, ಕೋಟೆಗಳನ್ನು ಕಟ್ಟುತ್ತಿದ್ದ ಕಲ್ಲುಕುಟಿಗರು (ಇಂಗ್ಲಿಷಿನಲ್ಲಿ ಮೇಸನ್) ಕೆಲಸದ ಜಾಗದಲ್ಲಿ ಹಾಕಿಕೊಳ್ಳುತ್ತಿದ್ದ ಬಿಡಾರಕ್ಕೆ ಲಾಡ್ಜ್ ಎನ್ನುತ್ತಿದ್ದರು. ಹದಿನೇಳನೆಯ ಶತಮಾನದ ಹೊತ್ತಿಗೆ ಉಳಿ ಸುತ್ತಿಗೆ ಹಿಡಿಯದ ಸಂಭಾವಿತರೂ ಈ ಕೂಟಗಳಿಗೆ ಸೇರತೊಡಗಿದರು. 1717ರ ಜೂನ್ 24ರಂದು ಲಂಡನ್ನಿನ ಗೂಸ್ ಅಂಡ್ ಗ್ರಿಡಿರಾನ್ ಎಂಬ ಪಾನಗೃಹದಲ್ಲಿ ನಾಲ್ಕು ಲಾಡ್ಜುಗಳು ಒಂದಾಗಿ ಮೊದಲ ಗ್ರ್ಯಾಂಡ್ ಲಾಡ್ಜ್ (ಲಾಡ್ಜುಗಳ ಮೇಲಿನ ಕೇಂದ್ರ ಸಂಸ್ಥೆ) ಆಯಿತು ಎಂಬುದು ಸಂಪ್ರದಾಯ. ಈ ಇಸವಿಯ ಬಗ್ಗೆ ಈಚಿನ ಇತಿಹಾಸಕಾರರು ತಕರಾರು ತೆಗೆದಿದ್ದಾರೆ, 1721 ಎನ್ನುವವರಿದ್ದಾರೆ. ನಮಗೆ ಅದು ಮುಖ್ಯವಲ್ಲ. 1723ರಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಪಾದ್ರಿ ಸಿದ್ಧಪಡಿಸಿದ ನಿಯಮಾವಳಿ ಅಚ್ಚಾಯಿತು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಧರ್ಮದ ಹೆಸರಿನಲ್ಲಿ ಅಂತರ್ಯುದ್ಧವನ್ನೇ ಕಂಡಿದ್ದ ದೇಶದಲ್ಲಿ, ಬೇರೆ ಬೇರೆ ಪಂಥದವರು ಒಂದೇ ಕೋಣೆಯಲ್ಲಿ ಜಗಳವಾಡದೆ ಕೂರಬೇಕಾದರೆ ಏನು ಮಾಡಬೇಕು? ಆ ನಿಯಮಾವಳಿಯ ಉತ್ತರ ಸರಳ. ಲಾಡ್ಜಿನೊಳಗೆ ಮತಧರ್ಮದ ಚರ್ಚೆ ಬೇಡ, ರಾಜಕೀಯದ ಚರ್ಚೆ ಬೇಡ. ಈ ಎರಡು ನಿಷೇಧಗಳು ಇಂದಿಗೂ ಜಾರಿಯಲ್ಲಿವೆ. ವಾಟ್ಸ್‌ಆ್ಯಪ್ ಗುಂಪುಗಳ ಗತಿ ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಭಾರತಕ್ಕೆ ಇದು ಈಸ್ಟ್ ಇಂಡಿಯಾ ಕಂಪನಿಯ ಜೊತೆಯಲ್ಲೇ ಬಂತು. 1730ರ ಸುಮಾರಿಗೆ ಕಲ್ಕತ್ತೆಯ ಫೋರ್ಟ್ ವಿಲಿಯಂನಲ್ಲಿ ಮೊದಲ ಲಾಡ್ಜು ಶುರುವಾಯಿತು. ಮದರಾಸು, ಮುಂಬಯಿಗಳಲ್ಲಿ ಅದೇ ಶತಮಾನದಲ್ಲಿ ಲಾಡ್ಜುಗಳಾದವು, ಆಮೇಲೆ ದಂಡುಪ್ರದೇಶಗಳಿಗೂ ಹಬ್ಬಿದವು. ಸ್ವಾತಂತ್ರ್ಯ ಬಂದ ಮೇಲೂ ಇವೆಲ್ಲ ಇಂಗ್ಲೆಂಡ್, ಸ್ಕಾಟ್ಲೆಂಡ್ ಅಥವಾ ಐರ್ಲೆಂಡಿನ ಆಡಳಿತಕ್ಕೆ ಒಳಪಟ್ಟಿದ್ದವು. 1961ರ ನವೆಂಬರ್ 24ರಂದು ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ರಾಂಪುರದ ನವಾಬ ಸೈಯದ್ ರಜಾ ಅಲಿ ಖಾನ್ ಮೊದಲ ಗ್ರ್ಯಾಂಡ್ ಮಾಸ್ಟರ್ ಆದರು. ಹಳೆಯ ನಂಟು ಬಿಡಲೊಲ್ಲದ ಕೆಲವು ಲಾಡ್ಜುಗಳು ಇಂದಿಗೂ ಬ್ರಿಟಿಷ್ ದ್ವೀಪಗಳ ಆಡಳಿತದಡಿಯಲ್ಲೇ ನಡೆಯುತ್ತಿವೆ. ಭಾರತದ ಗ್ರ್ಯಾಂಡ್ ಲಾಡ್ಜಿನ ಕೇಂದ್ರ ದೆಹಲಿಯ ಜನಪಥದಲ್ಲಿದೆ. ಬೆಂಗಳೂರು, ಮೈಸೂರಿನ ಲಾಡ್ಜುಗಳು ಚೆನ್ನೈಯಲ್ಲಿ ನೆಲೆಯಿರುವ ದಕ್ಷಿಣ ಭಾರತದ ಪ್ರಾದೇಶಿಕ ಗ್ರ್ಯಾಂಡ್ ಲಾಡ್ಜಿನ ವ್ಯಾಪ್ತಿಗೆ ಬರುತ್ತವೆ.

ಬಾಗಿಲ ಹಿಂದೆ ನಡೆಯುವುದು

ಲಾಡ್ಜಿನ ಸಭೆ ಹೇಗಿರುತ್ತದೆ ಎಂಬುದರಲ್ಲಿ ಗುಟ್ಟು ಅಷ್ಟೇನೂ ಉಳಿದಿಲ್ಲ. ಅದರ ವಿಧಿಗಳು ಮುದ್ರಣ ಕಂಡು ಶತಮಾನಗಳೇ ಆಗಿವೆ. ಕಪ್ಪು ಬಿಳುಪು ಚೌಕಗಳ ನೆಲಹಾಸಿನ ಉದ್ದನೆಯ ಕೋಣೆ. ಪೂರ್ವಕ್ಕೆ ಮಾಸ್ಟರ್, ಪಶ್ಚಿಮಕ್ಕೆ ಹಿರಿಯ ವಾರ್ಡನ್, ದಕ್ಷಿಣಕ್ಕೆ ಕಿರಿಯ ವಾರ್ಡನ್. ಬಾಗಿಲ ಹೊರಗೆ ಕತ್ತಿ ಹಿಡಿದು ಕಾಯುವವನು ಟೈಲರ್. ಒಳಗಿನವರೆಲ್ಲ ಸೂಟಿನ ಮೇಲೆ ಸೊಂಟಕ್ಕೆ ಏಪ್ರನ್ ಕಟ್ಟಿರುತ್ತಾರೆ; ಹೊಸಬನದು ಕುರಿಮರಿಯ ಚರ್ಮದ ಅಚ್ಚ ಬಿಳಿ ಏಪ್ರನ್. ಪೀಠದ ಮೇಲೆ ಧರ್ಮಗ್ರಂಥ ತೆರೆದಿರಲೇಬೇಕು. ಭಾರತದ ಲಾಡ್ಜುಗಳಲ್ಲಿ ಭಗವದ್ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಜೆಂಡ್ ಅವೆಸ್ತಾ ಅಕ್ಕಪಕ್ಕದಲ್ಲಿ ಇರುತ್ತವೆ, ಅವರವರು ಅವರವರ ಗ್ರಂಥ ಮುಟ್ಟಿ ಪ್ರಮಾಣ ಮಾಡುತ್ತಾರೆ. ದೇವರಲ್ಲಿ ನಂಬಿಕೆ ಇರಬೇಕು ಎಂಬುದು ಷರತ್ತು. ಯಾವ ದೇವರು ಎಂದು ಕೇಳುವುದಿಲ್ಲ. ವಿಶ್ವದ ಮಹಾಶಿಲ್ಪಿ ಎಂದಷ್ಟೇ ಕರೆಯುತ್ತಾರೆ. ವಿಶ್ವಕರ್ಮನನ್ನು ಬಲ್ಲ ನಮಗೆ ಇದು ವಿಚಿತ್ರವೆನಿಸಬೇಕಿಲ್ಲ.

ಸಭೆಯ ಒಂದು ಪಾಲು ಯಾವುದೇ ಸಹಕಾರ ಸಂಘದ ಸಭೆಯಂತೆಯೇ: ಹಿಂದಿನ ಸಭೆಯ ನಡಾವಳಿ ಓದು, ಖರ್ಚುವೆಚ್ಚ, ಬಂದ ಪತ್ರಗಳು, ಯಾರ ಆರೋಗ್ಯ ಕೆಟ್ಟಿದೆ ಎಂಬ ವಿಚಾರಣೆ. ಜಗತ್ತನ್ನು ಆಳುವವರು ನಡಾವಳಿಗೆ ಅನುಮೋದಕರನ್ನು ಹುಡುಕುತ್ತಾ ಕೂರುತ್ತಾರೆ ಎಂದು ನಂಬುವುದು ಕಷ್ಟ. ಇನ್ನೊಂದು ಪಾಲು ವಿಧಿ. ದರ್ಜೆಗಳು ಮೂರು: ಎಂಟರ್ಡ್ ಅಪ್ರೆಂಟಿಸ್, ಫೆಲೋಕ್ರಾಫ್ಟ್, ಮಾಸ್ಟರ್ ಮೇಸನ್. ಒಂದೊಂದು ದರ್ಜೆಗೂ ಒಂದೊಂದು ನಾಟಕೀಯ ಆಚರಣೆ, ಒಂದೊಂದು ಜೊತೆ ಹತಾರ, ಹತಾರಕ್ಕೊಂದು ಅರ್ಥ. ಮೊದಲ ದರ್ಜೆಯವನಿಗೆ ಇಪ್ಪತ್ತನಾಲ್ಕು ಇಂಚಿನ ಅಳತೆಕೋಲು ತೋರಿಸಿ, ಇದು ದಿನದ ಇಪ್ಪತ್ತನಾಲ್ಕು ತಾಸು, ಇದರಲ್ಲಿ ಪ್ರಾರ್ಥನೆಗೆ, ದುಡಿಮೆಗೆ, ವಿಶ್ರಾಂತಿಗೆ, ಕಷ್ಟದಲ್ಲಿರುವವರ ನೆರವಿಗೆ ಪಾಲು ಮಾಡಿಕೋ ಎನ್ನುತ್ತಾರೆ. ಒರಟು ಕಲ್ಲು ಒಂದು, ನಯಗೊಳಿಸಿದ ಕಲ್ಲು ಒಂದು ಎದುರಿಗಿರುತ್ತವೆ. ಮೊದಲನೆಯದು ಬಂದ ದಿನದ ನೀನು, ಎರಡನೆಯದು ಆಗಬೇಕಾದ ನೀನು. ಉಪದೇಶದಲ್ಲಿ ಹೊಸತೇನಿಲ್ಲ, ಇದಕ್ಕಿಂತ ಗಾಢವಾದದ್ದು ವಚನಗಳಲ್ಲಿ ಸಿಗುತ್ತದೆ. ವ್ಯತ್ಯಾಸವಿರುವುದು ಕಲಿಸುವ ಬಗೆಯಲ್ಲಿ. ಇಲ್ಲಿ ಉಪದೇಶವನ್ನು ಕೇಳಿ ಎದ್ದುಹೋಗುವಂತಿಲ್ಲ, ಬಾಯಿಪಾಠ ಮಾಡಿ ಇನ್ನೊಬ್ಬನಿಗೆ ಒಪ್ಪಿಸಬೇಕು. ಹಳ್ಳಿಯ ಹವ್ಯಾಸಿ ನಾಟಕದಲ್ಲಿ ಹಗಲು ಪೋಸ್ಟ್‌ಮ್ಯಾನ್ ಆಗಿದ್ದವನು ರಾತ್ರಿ ದುರ್ಯೋಧನನಾಗಿ ತಿಂಗಳುಗಟ್ಟಲೆ ಮಾತು ಉರುಹೊಡೆಯುತ್ತಾನಲ್ಲ, ಆ ತಾಲೀಮಿನ ಸುಖ ಬಲ್ಲವರಿಗೆ ಲಾಡ್ಜಿನ ಅರ್ಧ ಆಕರ್ಷಣೆ ಅರ್ಥವಾದಂತೆಯೇ. ಬಡಗಿಗಿಂತ ಬ್ಯಾಂಕ್ ಮ್ಯಾನೇಜರ್ ಚೆನ್ನಾಗಿ ಒಪ್ಪಿಸುತ್ತಾನೆ ಎಂಬ ಖಾತರಿಯೂ ಅಲ್ಲಿ ಇಲ್ಲ.

ಆಮೇಲೆ ಊಟ. ಮೇಸನ್ನರಿಗೆ ಇದು ಸಭೆಯಷ್ಟೇ ಮುಖ್ಯ. ಭಾಷಣ, ಶುಭಾಶಯ, ಹಾಡು, ತಮಾಷೆ ಎಲ್ಲ ಇಲ್ಲಿಯೇ. ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಇದೇ ಪೇಚಿಗೆ ಇಟ್ಟುಕೊಂಡಿತ್ತು. 1886ರಲ್ಲಿ ಲಾಹೋರಿನ ಹೋಪ್ ಅಂಡ್ ಪರ್ಸಿವಿಯರೆನ್ಸ್ ಲಾಡ್ಜಿಗೆ ಸೇರಿದ ಇಂಗ್ಲಿಷ್ ಲೇಖಕ ರಡ್ಯಾರ್ಡ್ ಕಿಪ್ಲಿಂಗ್, ಅಲ್ಲಿ ಹಿಂದೂ, ಮುಸ್ಲಿಂ, ಸಿಖ್, ಯಹೂದಿ ಸದಸ್ಯರ ಜೊತೆ ಕುಳಿತದ್ದನ್ನು ಮುಂದೆ ಪದ್ಯವೊಂದರಲ್ಲಿ ನೆನೆದಿದ್ದಾನೆ. ಜಾತಿಯ ಮಡಿ ಕೆಡುತ್ತದೆಂದು ಔತಣ ಇಡುವಂತಿರಲಿಲ್ಲ ಎಂಬುದನ್ನೂ ಅದರಲ್ಲಿ ಹೇಳಿದ್ದಾನೆ. ಒಳಗೆ ಸಹೋದರರು, ಎಲೆಯ ಮುಂದೆ ಬೇರೆ ಬೇರೆ! ಆ ಲಾಡ್ಜುಗಳ ಕಾಲ ಅಲ್ಲಿ ಮುಗಿದುಹೋಯಿತು. 1972ರಲ್ಲಿ ಪಾಕಿಸ್ತಾನ ಫ್ರೀಮೇಸನ್ ಸಂಘಟನೆಯನ್ನೇ ನಿಷೇಧಿಸಿತು.

ಸರದಿಯ ಕುರ್ಚಿ

ನನ್ನ ಮಟ್ಟಿಗೆ ಈ ವ್ಯವಸ್ಥೆಯ ಜಾಣತನವಿರುವುದು ಅದರ ಹುದ್ದೆಗಳ ಏಣಿಯಲ್ಲಿ. ಮಾಸ್ಟರ್, ಇಬ್ಬರು ವಾರ್ಡನ್‌ಗಳು, ಇಬ್ಬರು ಡೀಕನ್‌ಗಳು, ಒಳಬಾಗಿಲ ಕಾವಲಿನವನು, ಊಟೋಪಚಾರ ನೋಡಿಕೊಳ್ಳುವ ಸ್ಟೂವರ್ಡ್‌ಗಳು, ಖಜಾಂಚಿ, ಕಾರ್ಯದರ್ಶಿ, ಆಲ್ಮನರ್, ಟೈಲರ್. ಲಾಡ್ಜು ಚಿಕ್ಕದಾಗಿದ್ದರೆ ಬಂದವರಲ್ಲಿ ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಹೊಣೆ ಇದ್ದೇ ಇರುತ್ತದೆ. ಹೊಸಬ ಸಾಮಾನ್ಯವಾಗಿ ಊಟ ಬಡಿಸುವಲ್ಲಿಂದ ಶುರು ಮಾಡಿ, ವರ್ಷಕ್ಕೊಂದು ಮೆಟ್ಟಿಲಿನಂತೆ ಒಳಬಾಗಿಲು, ಡೀಕನ್, ವಾರ್ಡನ್ ಎಂದು ಮೇಲೇರುತ್ತಾ ಒಂದು ದಿನ ಮಾಸ್ಟರ್‌ ಕುರ್ಚಿಯಲ್ಲಿ ಕೂರುತ್ತಾನೆ. ವರ್ಷ ಕಳೆದ ಮೇಲೆ ಇಳಿದು ಸಾಲಿನಲ್ಲಿ ಕೂರಬೇಕು. ಊರಿನ ದೊಡ್ಡ ಉದ್ಯಮಿ ಲಾಡ್ಜಿನಲ್ಲಿ ಇನ್ನೂ ಡೀಕನ್ ಆಗಿದ್ದು, ಅವನ ಕಂಪನಿಯಿಂದಲೇ ನಿವೃತ್ತನಾದ ಗುಮಾಸ್ತ ಮಾಸ್ಟರ್‌ ಕುರ್ಚಿಯಲ್ಲಿದ್ದರೆ, ಉದ್ಯಮಿಯೇ ಎದ್ದು ನಿಂತು ವಂದಿಸಬೇಕು.

ಇದರಿಂದ ಸಿಗುವ ಲಾಭ ಕಣ್ಣಿಗೆ ಕಾಣುವಂಥದ್ದು. ನಾಲ್ಕು ಜನರೆದುರು ತಡವರಿಸುತ್ತಿದ್ದವನು ಹತ್ತು ನಿಮಿಷದ ಭಾಷಣವನ್ನು ಚೀಟಿ ನೋಡದೆ ಹೇಳುವುದನ್ನು ಕಲಿಯುತ್ತಾನೆ. ಸಭೆ ನಡೆಸುವುದು, ಮುನಿಸಿಕೊಂಡ ಇಬ್ಬರನ್ನು ಸಮಾಧಾನಪಡಿಸುವುದು, ಲೆಕ್ಕಪತ್ರ ಒಪ್ಪಿಸುವುದು, ಹಿರಿಯರ ಮಾತಿಗೆ ಅಡ್ಡಬಾರದೆ ತನ್ನ ಮಾತು ನಡೆಸಿಕೊಳ್ಳುವುದು ಇವೆಲ್ಲ ಕುರ್ಚಿಯೇ ಕಲಿಸುವ ವಿದ್ಯೆ. ಕೆಲಸದಿಂದ ನಿವೃತ್ತರಾದವರಿಗೆ ಇದರ ಬೆಲೆ ಇನ್ನೂ ಹೆಚ್ಚು. ನಿನ್ನೆಯವರೆಗೆ ಕೈಕೆಳಗೆ ಐವತ್ತು ಜನ ಇದ್ದು ಇಂದು ಯಾರಿಗೂ ಬೇಡವಾದೆ ಎಂದುಕೊಳ್ಳುವ ಗಂಡಸಿಗೆ, ಮುಂದಿನ ತಿಂಗಳ ಸಭೆಗೆ ಎರಡು ಪುಟ ಬಾಯಿಪಾಠ ಮಾಡಿಕೊಂಡು ಬರಬೇಕು ಎಂಬ ಕಟ್ಟಳೆ ಯಾವ ಔಷಧಕ್ಕೂ ಕಡಿಮೆಯಲ್ಲ. ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವವರಿರುತ್ತಾರೆ. ನಗರದಲ್ಲಿ ಐವತ್ತು ದಾಟಿದ ಮೇಲೆ ಹೊಸ ಸ್ನೇಹ ಕುದುರುವುದು ಎಷ್ಟು ಕಷ್ಟ ಎಂಬುದನ್ನು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಿಂತವರಿಗೆ ಹೇಳಬೇಕಾಗಿಲ್ಲ.

ಖಾಲಿ ಜೇಬಿನ ಪಾಠ

ದೀಕ್ಷೆಯ ರಾತ್ರಿ ನಡೆಯುವ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಬಂದವನ ಬಳಿಯಿರುವ ಹಣ, ಉಂಗುರ, ಕೈಗಡಿಯಾರ, ಲೋಹದ ವಸ್ತು ಎಲ್ಲವನ್ನೂ ಹೊರಗೇ ಬಿಡಿಸಿಕೊಳ್ಳುತ್ತಾರೆ. ಕಣ್ಣಿಗೆ ಬಟ್ಟೆ, ಕುತ್ತಿಗೆಗೆ ಹಗ್ಗದ ಕುಣಿಕೆ, ಒಂದು ಕಾಲಿನ ಪ್ಯಾಂಟು ಮಂಡಿಯವರೆಗೆ ಮಡಚಿದ್ದು, ಎದೆಯ ಒಂದು ಭಾಗ ತೆರೆದದ್ದು. ನೋಡುವವರಿಗೆ ನಗು ಬರಬಹುದಾದ ವೇಷ. ರಾಜಕುಮಾರನಿಗೂ ಇದೇ, ಗುಮಾಸ್ತನಿಗೂ ಇದೇ. ಪ್ರಮಾಣ ಮುಗಿದು ಕಣ್ಣಿನ ಬಟ್ಟೆ ಬಿಚ್ಚಿದ ಮೇಲೆ ಅವನನ್ನು ಕೋಣೆಯ ಈಶಾನ್ಯ ಮೂಲೆಯಲ್ಲಿ ನಿಲ್ಲಿಸುತ್ತಾರೆ. ಕಟ್ಟಡದ ಮೊದಲ ಕಲ್ಲು ಕೂರುವ ಮೂಲೆ ಅದು. ಅಲ್ಲಿ ದಾನದ ಮಹತ್ವ ಹೇಳಿ, ಬಡವರಿಗಾಗಿ ಏನಾದರೂ ಕೊಡು ಎಂದು ಕೈಯೊಡ್ಡುತ್ತಾರೆ. ಅವನ ಬಳಿ ಬಿಡಿಗಾಸೂ ಇಲ್ಲ. ಇದ್ದಿದ್ದರೆ ಕೊಡುತ್ತಿದ್ದೆಯಾ ಎಂದು ಕೇಳುತ್ತಾರೆ. ಕೊಡುತ್ತಿದ್ದೆ ಎನ್ನುತ್ತಾನೆ. ಆಗ ಹೇಳುವ ಮಾತಿನ ತಾತ್ಪರ್ಯ ಇಷ್ಟು: ಮುಂದೆ ಎಂದಾದರೂ ಕೈ ಚಾಚಿದ ಸಹೋದರನೊಬ್ಬ ಎದುರಾದರೆ, ನೀನು ಒಳಗೆ ಬಂದಾಗ ಹೀಗೇ ಬರಿಗೈಯಲ್ಲಿದ್ದೆ ಎಂಬುದನ್ನು ನೆನಪಿಟ್ಟುಕೋ.

ಲಾಡ್ಜು ಕೊಡುವ ಎರಡನೆಯ ದೊಡ್ಡ ವಸ್ತು ಇಲ್ಲಿಂದಲೇ ಹುಟ್ಟುತ್ತದೆ. ವಿಮೆ, ಪಿಂಚಣಿ, ಆಸ್ಪತ್ರೆಯ ಯೋಜನೆ ಯಾವುದೂ ಇಲ್ಲದ ಹದಿನೆಂಟನೆಯ ಶತಮಾನದಲ್ಲಿ ದುಡಿಯುವ ಗಂಡಸು ಸತ್ತರೆ ಮನೆ ಬೀದಿಗೆ ಬರುತ್ತಿತ್ತು. ವೇಲ್ಸ್ ರಾಜಕುಮಾರನ ದಂತವೈದ್ಯನಾಗಿದ್ದ ಬಾರ್ತಲೋಮ್ಯೂ ರುಸ್ಪಿನಿ 1788ರಲ್ಲಿ ಲಂಡನ್ನಿನಲ್ಲಿ ಮೇಸನ್ನರ ಅನಾಥ ಹೆಣ್ಣುಮಕ್ಕಳಿಗಾಗಿ ಶಾಲೆ ಆರಂಭಿಸಿದ. ಹೆಣ್ಣುಮಕ್ಕಳ ಓದನ್ನು ಯಾರೂ ಲೆಕ್ಕಕ್ಕಿಡದ ಕಾಲವದು. ಆ ಶಾಲೆ ಇಂದಿಗೂ ನಡೆಯುತ್ತಿದೆ. ನಮ್ಮಲ್ಲಿ ದೆಹಲಿಯ ವಸಂತ ಕುಂಜದ ಮೇಸನಿಕ್ ಪಬ್ಲಿಕ್ ಸ್ಕೂಲ್, ಕೊಯಮತ್ತೂರಿನ ಮಕ್ಕಳ ಮೇಸನಿಕ್ ಆಸ್ಪತ್ರೆ ಇದೇ ಪರಂಪರೆಯವು.

ಆದರೆ ಸದಸ್ಯನ ಬದುಕಿಗೆ ಹತ್ತಿರವಾಗಿರುವುದು ಈ ದೊಡ್ಡ ಸಂಸ್ಥೆಗಳಲ್ಲ, ಆಲ್ಮನರ್ ಎಂಬ ಒಬ್ಬ ಮನುಷ್ಯ. ಹುದ್ದೆಗಳ ಪಟ್ಟಿಯಲ್ಲಿ ಅವನದು ಯಾರ ಕಣ್ಣಿಗೂ ಬೀಳದ ಹೆಸರು. ಯಾರು ಆಸ್ಪತ್ರೆಯಲ್ಲಿದ್ದಾರೆ, ಯಾರು ಎರಡು ಸಭೆಗಳಿಂದ ಕಾಣಿಸಿಲ್ಲ, ಯಾರ ಹೆಂಡತಿ ತೀರಿಕೊಂಡರು, ತೀರಿಹೋದ ಸದಸ್ಯನ ವಿಧವೆಯ ಪಿಂಚಣಿ ಕಾಗದ ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನೆಲ್ಲ ನೋಡಿಕೊಳ್ಳುವುದು ಅವನ ಕೆಲಸ. ಫೋನು ಮಾಡುತ್ತಾನೆ, ಹೋಗಿ ಬರುತ್ತಾನೆ, ಅಗತ್ಯವಿದ್ದರೆ ಲಾಡ್ಜಿನ ನಿಧಿಯಿಂದ ಸದ್ದಿಲ್ಲದೆ ನೆರವು ಕೊಡಿಸುತ್ತಾನೆ. ಯಾರಿಗೆ ಎಷ್ಟು ಕೊಟ್ಟರೆಂಬುದು ಸಭೆಯಲ್ಲಿ ಸಾರುವ ವಿಷಯವಲ್ಲ. ಇದನ್ನು ಹಕ್ಕಿನಂತೆ ಕೇಳುವಂತಿಲ್ಲ. ಚಂದಾ ಕಟ್ಟಿದ್ದೇನೆ, ನನ್ನ ಪಾಲು ಕೊಡಿ ಎನ್ನಲು ಇದು ವಿಮಾ ಕಂಪನಿಯಲ್ಲ. ಹಾಗೆಂದು ಒಂದು ಸಂಘದಲ್ಲಿ ಒಬ್ಬ ಮನುಷ್ಯನಿಗೆ ವರ್ಷವಿಡೀ ಇದೊಂದೇ ಕೆಲಸ ವಹಿಸಿರುವುದು ಸಣ್ಣ ಮಾತೇನೂ ಅಲ್ಲ. ಎಷ್ಟೋ ಹಳೆಯ ವಿದ್ಯಾರ್ಥಿ ಸಂಘಗಳು, ಜಾತಿ ಸಂಘಗಳು ಅಧ್ಯಕ್ಷ, ಉಪಾಧ್ಯಕ್ಷ, ಗೌರವಾಧ್ಯಕ್ಷ ಎಂದೆಲ್ಲ ಪದವಿ ಸೃಷ್ಟಿಸಿಯೂ ಇಂಥದೊಂದನ್ನು ಸೃಷ್ಟಿಸಿಲ್ಲ.

ನರೇಂದ್ರನಾಥ ದತ್ತನ 1884

ಲಾಡ್ಜಿಗೆ ಸೇರಿದರೆ ಕೆಲಸ ಸಿಗುತ್ತದೆ, ಗುತ್ತಿಗೆ ಸಿಗುತ್ತದೆ ಎನ್ನುವವರಿಗೆ ಒಂದು ಉದಾಹರಣೆ. ಮೊಬೈಲಿನಲ್ಲಿ ಓಡಾಡುವ "ಇವರೆಲ್ಲ ಫ್ರೀಮೇಸನ್ನರು" ಎಂಬ ಪಟ್ಟಿಗಳಲ್ಲಿ ಅರ್ಧ ಹೆಸರುಗಳಿಗೆ ಬುಡವಿರುವುದಿಲ್ಲ. ಈ ಹೆಸರಿಗೆ ಮಾತ್ರ ಲಾಡ್ಜಿನದೇ ದಾಖಲೆಯಿದೆ. 1884ರ ಫೆಬ್ರವರಿ 19ರಂದು ಕಲ್ಕತ್ತೆಯ ಆ್ಯಂಕರ್ ಅಂಡ್ ಹೋಪ್ ಲಾಡ್ಜಿನಲ್ಲಿ ಇಪ್ಪತ್ತೊಂದು ತುಂಬಿದ ನರೇಂದ್ರನಾಥ ದತ್ತ ದೀಕ್ಷೆ ಪಡೆದ. ಮುಂದೆ ಸ್ವಾಮಿ ವಿವೇಕಾನಂದರಾದವರು ಅವರೇ. ಅದೇ ತಿಂಗಳ ಕೊನೆಯಲ್ಲಿ ಹೈಕೋರ್ಟಿನ ವಕೀಲರಾಗಿದ್ದ ತಂದೆ ವಿಶ್ವನಾಥ ದತ್ತರು ಹಠಾತ್ತನೆ ತೀರಿಕೊಂಡರು. ಸಾಲ ಕೊಟ್ಟವರು ಬಾಗಿಲಿಗೆ ಬಂದರು, ನೆಂಟರು ಆಸ್ತಿಗಾಗಿ ಕೋರ್ಟು ಹತ್ತಿದರು. ಆ ದಿನಗಳಲ್ಲಿ ಹಸಿದ ಹೊಟ್ಟೆಯಲ್ಲಿ, ಬರಿಗಾಲಲ್ಲಿ ಕಚೇರಿಯಿಂದ ಕಚೇರಿಗೆ ಕೆಲಸಕ್ಕಾಗಿ ಅಲೆದದ್ದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆ ನಡುವೆಯೂ ಏಪ್ರಿಲ್‌ನಲ್ಲಿ ಎರಡನೆಯ ದರ್ಜೆ, ಮೇ ತಿಂಗಳಲ್ಲಿ ಮೂರನೆಯ ದರ್ಜೆ ಪಡೆದರು. ಮೂರೂ ದರ್ಜೆ ದಾಟಿದ ಮಾಸ್ಟರ್ ಮೇಸನ್ನನಿಗೂ ಕಲ್ಕತ್ತೆಯ ಕಚೇರಿಗಳ ಬಾಗಿಲು ಸುಲಭವಾಗಿ ತೆರೆಯಲಿಲ್ಲ.

ಅದೇ ಲಾಡ್ಜಿಗೆ ಇನ್ನೊಂದು ಕಥೆಯೂ ಇದೆ. ಬಂಗಾಳದ ಮೇಸನ್ನರ ಆಡಳಿತ ಏಷ್ಯಾದವರಿಗೆ ವಿಶೇಷ ಅನುಮತಿಯಿಲ್ಲದೆ ಪ್ರವೇಶವಿಲ್ಲ ಎಂಬ ಉಪನಿಯಮ ಇಟ್ಟುಕೊಂಡಿತ್ತು. ಹಿಂದೂಗಳಿಗೆ ದೇವರು ಅನೇಕ, ಜಾತಿ ಬೇರೆ, ಅವರು ಸಹೋದರರಾಗುವುದು ಹೇಗೆ ಎಂಬುದು ವಾದ. ಪ್ರಸನ್ನಕುಮಾರ ದತ್ತ ಎಂಬ ಕಲ್ಕತ್ತೆಯ ವ್ಯಾಪಾರಿ 1860ರ ದಶಕದಲ್ಲಿ ಅರ್ಜಿ ಹಾಕಿ, ನಿರಾಕರಣೆಯಾದಾಗ ಲಂಡನ್ನಿನವರೆಗೂ ದೂರು ಒಯ್ದು, ವರ್ಷಗಟ್ಟಲೆ ಹಟ ಬಿಡದೆ 1872ರಲ್ಲಿ ಆ್ಯಂಕರ್ ಅಂಡ್ ಹೋಪ್ ಲಾಡ್ಜಿನ ಒಳಹೊಕ್ಕ. ಅದಾದ ಹನ್ನೆರಡು ವರ್ಷಕ್ಕೆ ನರೇಂದ್ರ ಬಂದದ್ದು ಅದೇ ಬಾಗಿಲಿನಿಂದ. ಮುಂಬಯಿಯಲ್ಲಿ ಇಂಥದೇ ತಡೆ ಎದುರಿಸಿದ ಪಾರ್ಸಿ ಮಾಣೆಕ್‌ಜೀ ಕರ್ಸೆಟ್‌ಜೀ ಪ್ಯಾರಿಸ್ಸಿಗೆ ಹೋಗಿ ದೀಕ್ಷೆ ಪಡೆದು ಬಂದಿದ್ದ. 1843ರಲ್ಲಿ ಮುಂಬಯಿಯಲ್ಲಿ ಭಾರತೀಯರಿಗಾಗಿಯೇ ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ ಎಂಬ ಲಾಡ್ಜು ಹುಟ್ಟಿತು. ಸಹೋದರತ್ವದ ಮಾತು ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಆಚರಣೆಗೆ ಬರುವುದಿಲ್ಲ ಎಂಬುದಕ್ಕೆ ಇವು ಸಾಕ್ಷಿ. ಪುಸ್ತಕದಲ್ಲಿ ಬರೆದಿತ್ತು ಎಂಬ ಕಾರಣಕ್ಕೇ ಪ್ರಸನ್ನಕುಮಾರ ದತ್ತನಂಥವರಿಗೆ ಜಗಳಕ್ಕೊಂದು ಆಧಾರ ಸಿಕ್ಕಿತು ಎಂಬುದೂ ಅಷ್ಟೇ ನಿಜ.

ಪರಿಚಯದಿಂದ ಲಾಭವೇ ಆಗುವುದಿಲ್ಲವೇ? ಆಗುತ್ತದೆ. ಹದಿನೈದು ವರ್ಷ ಜೊತೆಗೆ ಕುಳಿತು ಉಂಡ ವೈದ್ಯ ನಿಮ್ಮ ಫೋನು ಎತ್ತುತ್ತಾನೆ. ಅದು ಯಾವ ಸ್ನೇಹದಲ್ಲೂ ಇರುವಂಥದ್ದೇ. ತೊಂದರೆ ಇರುವುದು ಸ್ನೇಹ ಅಧಿಕಾರದ ಜೊತೆ ಬೆರೆತಾಗ. ಬ್ರಿಟನ್ನಿನಲ್ಲಿ ಪೊಲೀಸರು, ನ್ಯಾಯಾಧೀಶರು ಮೇಸನ್ನರಾಗಿದ್ದರೆ ಪಕ್ಷಪಾತವಾಗುತ್ತದೆ ಎಂಬ ದೂರು 1990ರ ದಶಕದಲ್ಲಿ ಸಂಸದೀಯ ಸಮಿತಿಯವರೆಗೆ ಹೋಯಿತು. 1998ರಿಂದ ಹೊಸ ನ್ಯಾಯಾಧೀಶರು ಸದಸ್ಯತ್ವವನ್ನು ಘೋಷಿಸಬೇಕು ಎಂಬ ನಿಯಮ ಬಂದು, 2009ರಲ್ಲಿ ಅದನ್ನು ಕೈಬಿಟ್ಟರು. ಇಟಲಿಯಲ್ಲಿ 1981ರಲ್ಲಿ ಬಯಲಾದ ಪಿ2 ಲಾಡ್ಜಿನ ಪ್ರಕರಣ ಇದಕ್ಕಿಂತ ಗಂಭೀರ. ಮಂತ್ರಿಗಳು, ಸೇನಾಧಿಕಾರಿಗಳ ಹೆಸರಿದ್ದ ಅದರ ಸದಸ್ಯರ ಪಟ್ಟಿ ಸರ್ಕಾರವನ್ನೇ ಉರುಳಿಸಿತು. ಆ ಲಾಡ್ಜಿಗೆ ಇಟಲಿಯ ಮೇಸನ್ನರ ಕೇಂದ್ರ ಸಂಸ್ಥೆ ಮೊದಲೇ ಮಾನ್ಯತೆ ಹಿಂತೆಗೆದುಕೊಂಡಿತ್ತು ಎಂದು ಸಮಜಾಯಿಷಿ ಕೊಡುವವರಿದ್ದಾರೆ. ಆದರೆ ಬಾಗಿಲು ಮುಚ್ಚಿ ಸೇರುವ ಸಂಸ್ಥೆಗೆ ಇಂಥ ಅನುಮಾನ ಬಾಡಿಗೆಯಿಲ್ಲದೆ ಅಂಟಿಕೊಳ್ಳುತ್ತದೆ, ಅದಕ್ಕೆ ಗೊಣಗುವಂತಿಲ್ಲ.

ಪರಊರಿನಲ್ಲೊಂದು ಬಾಗಿಲು

ಊರೂರು ಅಲೆಯುವವರಿಗೆ ಒಂದು ಅನುಕೂಲವಿದೆ. ಒಂದು ಗ್ರ್ಯಾಂಡ್ ಲಾಡ್ಜ್ ಇನ್ನೊಂದನ್ನು ಮಾನ್ಯ ಮಾಡಿದ್ದರೆ ಇದರ ಸದಸ್ಯ ಅದರ ಲಾಡ್ಜಿಗೆ ಅತಿಥಿಯಾಗಿ ಹೋಗಬಹುದು. ಬೆಂಗಳೂರಿನಲ್ಲಿ ದೀಕ್ಷೆ ಪಡೆದ ಕನ್ನಡಿಗ ಕೆಲಸದ ಮೇಲೆ ಲಂಡನ್ನಿಗೋ ಸಿಡ್ನಿಗೋ ಹೋದರೆ, ತನ್ನ ಲಾಡ್ಜಿನ ಮೂಲಕ ಮೊದಲೇ ಕೇಳಿಸಿ, ಪ್ರಮಾಣಪತ್ರ ತೋರಿಸಿ, ಗುರುತಿನ ಪರೀಕ್ಷೆ ದಾಟಿ ಅಲ್ಲಿನ ಸಭೆಯಲ್ಲಿ ಕೂರಬಹುದು. ಕೈಕುಲುಕುವ ಬಗೆ, ಸಂಕೇತದ ಮಾತು ಎಂದೆಲ್ಲ ಕಥೆ ಕಟ್ಟುವುದು ಇದನ್ನೇ. ಮೂಲತಃ ಅವು ಕೆಲಸ ಹುಡುಕಿ ಬಂದ ಕಲ್ಲುಕುಟಿಗ ಎಷ್ಟು ಪಳಗಿದವನು ಎಂದು ಕಾಗದವಿಲ್ಲದ ಕಾಲದಲ್ಲಿ ತಿಳಿಯುವ ಉಪಾಯ ಎನ್ನುತ್ತಾರೆ. ಇಂದು ಲಾಡ್ಜಿನಲ್ಲಿ ಉಳಿದಿರುವ ಗುಟ್ಟು ಹೆಚ್ಚುಕಡಿಮೆ ಇಷ್ಟೇ. ತಪ್ಪಿದರೆ ಕತ್ತು ಕೊಯ್ಯುತ್ತೇವೆ ಎಂಬಂಥ ಹಳೆಯ ಶಿಕ್ಷೆಯ ಮಾತುಗಳನ್ನು ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ 1986ರಲ್ಲಿ ಪ್ರಮಾಣವಚನದಿಂದಲೇ ತೆಗೆದುಹಾಕಿತು.

ಸೈತಾನನ ಪೂಜೆಯ ಕಥೆ ಎಲ್ಲಿಂದ ಬಂತು ಎಂದು ಕೇಳುವವರಿಗೆ ಒಂದು ವಿಷಯ ಗೊತ್ತಿರಲಿ. 1885ರಿಂದ ಹನ್ನೆರಡು ವರ್ಷ ಫ್ರಾನ್ಸಿನ ಲಿಯೋ ಟ್ಯಾಕ್ಸಿಲ್ ಎಂಬಾತ ಮೇಸನ್ನರ ಬಗ್ಗೆ ಭಯಂಕರ ಕಥೆಗಳನ್ನು ಅಚ್ಚು ಹಾಕಿಸಿ ಮಾರಿದ. ದೊಡ್ಡ ದೊಡ್ಡ ಪಾದ್ರಿಗಳೂ ನಂಬಿದರು. 1897ರ ಏಪ್ರಿಲ್ 19ರಂದು ಪ್ಯಾರಿಸ್ಸಿನಲ್ಲಿ ಸಭೆ ಕರೆದು, ಅಷ್ಟೂ ನನ್ನ ಕಟ್ಟುಕಥೆ ಎಂದು ಅವನೇ ಒಪ್ಪಿಕೊಂಡ. ಒಪ್ಪಿಗೆ ಅಂದೇ ಮರೆತುಹೋಯಿತು, ಕಥೆ ಇಂದಿಗೂ ಫಾರ್ವರ್ಡ್ ಆಗುತ್ತಿದೆ.

ಸಿಗದೆ ಇರುವುದು

ಹೆಂಗಸರಿಗೆ ಈ ಲಾಡ್ಜುಗಳಲ್ಲಿ ಸದಸ್ಯತ್ವವಿಲ್ಲ. ಔತಣಕ್ಕೆ, ಸೇವಾಕಾರ್ಯಕ್ಕೆ ಕುಟುಂಬದವರು ಬರುತ್ತಾರೆ, ಬಾಗಿಲ ಒಳಗೆ ಇಲ್ಲ. ಮುನ್ನೂರು ವರ್ಷದ ಸಂಪ್ರದಾಯ ಎಂಬುದಕ್ಕಿಂತ ಬಲವಾದ ಕಾರಣ ಯಾರೂ ಕೊಡುವುದಿಲ್ಲ, ಅದು ಸಾಕಾಗುವ ಕಾರಣವೂ ಅಲ್ಲ. 1893ರಲ್ಲಿ ಪ್ಯಾರಿಸ್ಸಿನಲ್ಲಿ ಗಂಡು ಹೆಣ್ಣು ಇಬ್ಬರಿಗೂ ತೆರೆದ ಬೇರೆಯೇ ಒಂದು ಸಂಘಟನೆ ಹುಟ್ಟಿತು. 1902ರಲ್ಲಿ ಅದಕ್ಕೆ ಸೇರಿದ ಆ್ಯನಿ ಬೆಸೆಂಟ್ ಅದನ್ನು ಭಾರತಕ್ಕೂ ತಂದರು, ಥಿಯಾಸಫಿಯವರ ನಡುವೆ ಅದು ಬೇರೂರಿತು. ಹಳೆಯ ಗ್ರ್ಯಾಂಡ್ ಲಾಡ್ಜುಗಳು ಅದನ್ನು ತಮ್ಮ ಬಳಗವೆಂದು ಒಪ್ಪುವುದಿಲ್ಲ.

ಕ್ಯಾಥೊಲಿಕರಿಗೆ ಇನ್ನೊಂದು ಕಷ್ಟ. 1738ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ಹೊರಡಿಸಿದ ನಿಷೇಧವನ್ನು ವ್ಯಾಟಿಕನ್ 1983ರಲ್ಲೂ 2023ರಲ್ಲೂ ಪುನರುಚ್ಚರಿಸಿದೆ. ಮಂಗಳೂರಿನ ಕ್ಯಾಥೊಲಿಕ್ ಕುಟುಂಬದವರು ಸೇರುವ ಮೊದಲು ಇದನ್ನು ತಿಳಿದಿರುವುದು ಒಳ್ಳೆಯದು. ನಾಸ್ತಿಕರಿಗೆ ಬಾಗಿಲೇ ಇಲ್ಲ, ದೇವರಿದ್ದಾನೆ ಎಂದು ಸುಳ್ಳು ಹೇಳಿ ಒಳಗೆ ಹೋಗಬಹುದಾದರೂ ಹೋಗಿ ಮಾಡುವುದೇನು?

ಮುಗ್ಗುಲು ಹಿಡಿದ ಶಿಷ್ಟಾಚಾರ, ಯಾರ ಬಿರುದು ಯಾರಿಗಿಂತ ಮೇಲು ಎಂಬ ಲೆಕ್ಕಾಚಾರ, ಹಳೆಯ ಇಂಗ್ಲಿಷಿನ ಉದ್ದುದ್ದ ವಾಕ್ಯಗಳು ಕಿರಿಯರಿಗೆ ಬೇಸರ ತರಿಸುತ್ತವೆ. ಅಮೆರಿಕದಲ್ಲಿ 1959ರಲ್ಲಿ 41 ಲಕ್ಷ ಸದಸ್ಯರಿದ್ದರು, ಈಗ 10 ಲಕ್ಷಕ್ಕಿಂತ ಕಡಿಮೆ. ವಿಮೆ, ಪಿಂಚಣಿಗಳು ಲಾಡ್ಜಿನ ನೆರವಿನ ಅಗತ್ಯವನ್ನು ಕಡಿಮೆ ಮಾಡಿದವು, ಟಿವಿ ಮತ್ತು ಮೊಬೈಲು ಸಂಜೆಗಳನ್ನು ಕಿತ್ತುಕೊಂಡವು.

ಸೇರುವ ದಾರಿ

ಮೇಸನ್ನರು ಹೊಸಬರನ್ನು ಹುಡುಕಿಕೊಂಡು ಬರುವುದು ಕಡಿಮೆ, ಆಸಕ್ತಿಯಿದ್ದವರು ತಾವೇ ಕೇಳಬೇಕು ಎಂಬುದು ಹಳೆಯ ರೂಢಿ. ಸಾಮಾನ್ಯವಾಗಿ ಇಪ್ಪತ್ತೊಂದು ವರ್ಷ ತುಂಬಿರಬೇಕು. ನಿಮ್ಮನ್ನು ಬಲ್ಲ ಇಬ್ಬರು ಸದಸ್ಯರು, ಒಬ್ಬ ಸೂಚಕ, ಒಬ್ಬ ಅನುಮೋದಕ, ಹೆಸರು ಮುಂದಿಡಬೇಕು. ಸಮಿತಿಯ ಸಂದರ್ಶನ ನಡೆಯುತ್ತದೆ. ಮನೆಯವರಿಗೆ ಒಪ್ಪಿಗೆ ಇದೆಯೇ, ಚಂದಾ ಕಟ್ಟಿ ಮನೆಗೆ ತಾಪತ್ರಯವಾಗುವುದಿಲ್ಲವೇ ಎಂದು ಕೇಳುತ್ತಾರೆ. ಹೆಂಡತಿ ಮಕ್ಕಳ ಪಾಲಿನ ಹಣವನ್ನು ಲಾಡ್ಜಿಗೆ ತರಬೇಡ ಎಂಬುದು ಅವರ ಮೊದಲ ಪಾಠಗಳಲ್ಲೊಂದು. ಆಮೇಲೆ ಗುಪ್ತ ಮತದಾನ. ಮುಚ್ಚಿದ ಪೆಟ್ಟಿಗೆಯೊಳಗೆ ಕೈಯಿಟ್ಟು ಬಿಳಿ ಗುಂಡನ್ನೋ ಕಪ್ಪು ಗುಂಡನ್ನೋ ಹಾಕುತ್ತಾರೆ. ಎಷ್ಟು ಕಪ್ಪು ಗುಂಡು ಬಿದ್ದರೆ ತಿರಸ್ಕಾರ ಎಂಬುದು ಲಾಡ್ಜಿನಿಂದ ಲಾಡ್ಜಿಗೆ ಬೇರೆ, ಕೆಲವೆಡೆ ಒಂದೇ ಸಾಕು. ಯಾರು ಹಾಕಿದರು, ಯಾಕೆ ಹಾಕಿದರು ಎಂದು ಕೇಳುವಂತಿಲ್ಲ. ಕ್ರೂರವೆನಿಸಬಹುದು. ಆದರೆ ಮುಂದಿನ ಮೂವತ್ತು ವರ್ಷ ಅಕ್ಕಪಕ್ಕ ಕೂರಬೇಕಾದವರು, ಆಯ್ಕೆಯ ಹಕ್ಕನ್ನು ಅಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಾರೆ.

"ಇಲ್ಯುಮಿನಾಟಿ ಸೇರಿ, ಕೋಟಿ ಗಳಿಸಿ, ನೋಂದಣಿಗೆ ಇಷ್ಟು ಸಾವಿರ ಕಳಿಸಿ" ಎಂಬ ಸಂದೇಶ ಬಂದರೆ ಅದು ಶುದ್ಧ ವಂಚನೆ. ನಿಜವಾದ ಇಲ್ಯುಮಿನಾಟಿ 1776ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಹುಟ್ಟಿ ಹತ್ತೇ ವರ್ಷದಲ್ಲಿ ಸರ್ಕಾರದ ನಿಷೇಧಕ್ಕೆ ಸಿಕ್ಕಿ ಮುಗಿದುಹೋದ ಸಂಘ. ಯಾವ ಅಸಲಿ ಲಾಡ್ಜೂ ಮೊಬೈಲ್ ಸಂದೇಶದಲ್ಲಿ ಸದಸ್ಯತ್ವ ಮಾರುವುದಿಲ್ಲ, ಮುಖ ನೋಡದೆ ಹಣ ಕೇಳುವುದಿಲ್ಲ. ಅನುಮಾನವಿದ್ದರೆ ದೆಹಲಿಯ ಗ್ರ್ಯಾಂಡ್ ಲಾಡ್ಜಿಗೋ ಚೆನ್ನೈಯ ಪ್ರಾದೇಶಿಕ ಕಚೇರಿಗೋ ಪತ್ರ ಬರೆದು, ಈ ಹೆಸರಿನ ಲಾಡ್ಜು ನಿಮ್ಮದೇ ಎಂದು ಕೇಳಿ ಖಚಿತಪಡಿಸಿಕೊಳ್ಳಬಹುದು. ಸಂದರ್ಶನಕ್ಕೆ ಹೋದಾಗ ನೀವೂ ಪ್ರಶ್ನೆ ಕೇಳಿ: ದೀಕ್ಷೆಯ ಶುಲ್ಕ ಎಷ್ಟು, ವಾರ್ಷಿಕ ಚಂದಾ ಎಷ್ಟು, ಊಟದ ಖರ್ಚು ಅದರಲ್ಲಿ ಸೇರಿದೆಯೇ, ವರ್ಷಕ್ಕೆ ಎಷ್ಟು ಸಭೆ, ಕಳೆದ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ಈಗಲೂ ಬರುತ್ತಿದ್ದಾರೆ. ಆಲ್ಮನರ್ ಯಾರು ಎಂದು ಕೇಳುವುದನ್ನು ಮರೆಯಬೇಡಿ. ಸಾಧ್ಯವಾದರೆ ಅವರ ಜೊತೆ ಐದು ನಿಮಿಷ ಮಾತಾಡಿ, ಆ ಲಾಡ್ಜು ಹೇಗಿದೆ ಎಂಬುದು ಮಾಸ್ಟರ್‌ಗಿಂತ ಅವರಿಂದಲೇ ಹೆಚ್ಚು ತಿಳಿಯುತ್ತದೆ.